32ನೇ ಸೀಟಿನ ಯಜಮಾನರಿಗೆ

ಮಾನ್ಯರೇ,

ಉಭಯ ಕುಶಲೋಪರಿ ಸಾಂಪ್ರತ. ಅಂದರೆ, ನಿಮ್ಮ ಕುಶಲ ನನಗೆ ಪೂರ್ತಿ ಗೊತ್ತು. ನನ್ನದನ್ನು ನೀವು ಕೇಳಲಿಲ್ಲ. ಪತ್ರವನ್ನು ಬಹಿರಂಗವಾಗಿ ಬರೆದದ್ದಕ್ಕೆ ಸಿಟ್ಟಾಗಬೇಡಿ. ಹೋದ ವಾರ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಅಂತರಂಗ ಅಂತ ನೀವು ಉಳಿಸಿಕೊಂಡದ್ದು ಯಾವುದೂ ನೆನಪಾಗುತ್ತಿಲ್ಲ.

ದಾಬಸ್‌ಪೇಟೆಯ ತನಕ ನಾವು ಅಪರಿಚಿತರೇ. ನೀವು 32ನೇ ಸೀಟು, ನಾನು ನಿಮ್ಮ ಬೆನ್ನ ಹಿಂದೆ. ಕ್ಯಾತ್ಸಂದ್ರದ ಹತ್ತಿರ ನಿಮ್ಮ ಫೋನ್ ಹೊಡೆದುಕೊಂಡಿತು. ನೀವದನ್ನು ಕಿವಿಗೆ ಹಿಡಿಯಲಿಲ್ಲ. ಆ ಊರಿನ ತಟ್ಟೆ ಇಡ್ಲಿಯ ಹಾಗೆ ಅಂಗೈ ಮೇಲಿಟ್ಟುಕೊಂಡು, ಸ್ಪೀಕರ್ ಹಾಕಿ, ಬಾಯಿಯ ಹತ್ತಿರ ತಂದಿರಿ. ಎಲ್ಲಿ ಕಚ್ಚಿಬಿಡುತ್ತೀರೋ ಎಂದು ಪಕ್ಕದವರು ಗಾಬರಿಯಾದರು. ಆಮೇಲೆ ಶುರುವಾಯಿತು ನೋಡಿ ಸ್ವಾಮಿ, ನಿಮ್ಮ ಕಂಠ! ಗುಬ್ಬಿ ದಾಟುವಾಗ ನನಗೆ ವೀರಣ್ಣನವರ ಕಂಪನಿಯ ಕಾಲ ನೆನಪಾಯಿತು. ಮೈಕಿಲ್ಲದ ದಿನಗಳಲ್ಲಿ ನಟರು ಕೊನೇ ಸಾಲಿನ ನೆಲದ ಪ್ರೇಕ್ಷಕರಿಗೂ ಕೇಳಿಸುವಂತೆ ಮಾತಾಡುತ್ತಿದ್ದರಂತೆ. ನೀವು ಆ ಪರಂಪರೆಯವರು. ನಿಮ್ಮ ಕೈಯಲ್ಲಿ ಮೈಕೂ ಇತ್ತು ಎನ್ನುವುದಷ್ಟೇ ವ್ಯತ್ಯಾಸ.

ನಿಮ್ಮ ಶುಗರ್ ಬರಿಹೊಟ್ಟೆಯಲ್ಲಿ 186, ಊಟದ ಮೇಲೆ 240. ಮಗಳನ್ನು ನೋಡಲು ಬಂದವರು ಕಾಫಿ ಕುಡಿದು ಹೋದವರು ಮತ್ತೆ ಸುದ್ದಿಯಿಲ್ಲ. ಬ್ಯಾಂಕಿನ ಓಟಿಪಿಯ ಆರೂ ಅಂಕಿಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ, ಕೂಸಿಗೆ ಮಗ್ಗಿ ಹೇಳಿಕೊಟ್ಟಂತೆ ಹೇಳಿದಿರಿ. ತಿಪಟೂರಿನಲ್ಲಿ ನೀವು ಕಿಟಕಿಯಿಂದ ಕೈ ಚಾಚಿ ಕೊಬ್ಬರಿ ಮಿಠಾಯಿ ಕೊಂಡಾಗ ಪಕ್ಕದ ಸಾಲಿನ ಅಜ್ಜಿಗೆ ತಡೆಯಲಾಗಲಿಲ್ಲ. ‘ಬ್ಯಾಡ ಕಣಪ್ಪ, ಇನ್ನೂರ ನಲವತ್ತೈತೆ’ ಅಂದರು. ನೀವು ಕೆಂಡವಾದಿರಿ: ‘ನಿಮಗ್ಯಾರು ಹೇಳಿದ್ದು?’

‘ನೀನೇ ಕಣಪ್ಪ, ಗುಬ್ಬಿ ದಾಟಿದ ಮ್ಯಾಕೆ.’

ಕಂಡಕ್ಟರ್ ಒಳ್ಳೆಯ ಮನುಷ್ಯ. ಎರಡು ಸಲ ಬಂದು ‘ಸಾರ್, ಸ್ವಲ್ಪ ಮೆಲ್ಲಗೆ ಮಾತಾಡಿ’ ಎಂದು ಕೇಳಿಕೊಂಡರು. ಕನ್ನಡದ ದೋಷವೋ ನಿಮ್ಮ ಜಾಣತನವೋ, ನೀವು ನಿಜಕ್ಕೂ ಮೆಲ್ಲಗೆ ಮಾತಾಡಿದಿರಿ. ಅದೇ ಗಂಟಲಿನಲ್ಲಿ, ಒಂದೊಂದು ಪದಕ್ಕೂ ನಡುವೆ ಉಸಿರು ತೆಗೆದುಕೊಳ್ಳುತ್ತ. ಹತ್ತು ನಿಮಿಷದ ಮಾತು ಇಪ್ಪತ್ತು ನಿಮಿಷವಾಯಿತು. ಮೂರನೇ ಸಲ ಅವರು ಬರಲಿಲ್ಲ.

ಹಿಂದೆ ನಾವು ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದೆವು, ನೆನಪಿದೆಯೇ? ಒಳಗೆ ಸೆಕೆ, ತಲೆಯ ಮೇಲೆ ಓಡುವ ಮೀಟರು. ಮನೆ ಸಮಾಚಾರ ನಾಲ್ಕು ವಾಕ್ಯದಲ್ಲಿ ಮುಗಿಯುತ್ತಿತ್ತು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ದರ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಬರುವ ಕರೆ ಉಚಿತವಾದದ್ದು 2003ರಲ್ಲಿ. ಹಳೆಯ ಲೆಕ್ಕದಲ್ಲಿ ಅರಸೀಕೆರೆಯಿಂದ ಕಡೂರಿನ ತನಕದ ನಿಮ್ಮ ಮುಕ್ಕಾಲು ಗಂಟೆಯ ಮಾತಿಗೆ 720 ರೂಪಾಯಿ. ನಮ್ಮ ಜನರ ಸೌಜನ್ಯ ಅಂತ ನಾವು ಅಂದುಕೊಂಡಿದ್ದು ಬರೀ ಬಿಲ್ಲಿನ ಭಯವಾಗಿತ್ತೋ ಏನೋ ಎಂಬ ಗುಮಾನಿ ನನ್ನದು.

ಕಾನೂನಿನ ಮಾತೆತ್ತುವುದಿಲ್ಲ. ಎತ್ತಿದರೆ ನೀವೇ ಗೆಲ್ಲುತ್ತೀರಿ. ಬಸ್ಸಿನಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕಬಾರದು, ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದು ಎಂದು ನಮ್ಮ ಹೈಕೋರ್ಟ್ 2021ರ ನವೆಂಬರಿನಲ್ಲೇ ಹೇಳಿದೆ. ‘ನಂದು ಹಾಡಲ್ಲ, ಮಾತು’ ಅನ್ನುತ್ತೀರಿ. ರೈಲಿನಲ್ಲಾದರೆ ರಾತ್ರಿ 10ರ ಮೇಲೆ ಫೋನಿನಲ್ಲಿ ಜೋರಾಗಿ ಮಾತಾಡುವಂತಿಲ್ಲ. ನೀವು ಹಗಲಿನ ಬಸ್ಸನ್ನೇ ಹಿಡಿದದ್ದು ಯಾಕೆಂದು ಈಗ ಹೊಳೆಯಿತು.

ಆದರೆ ನನಗೆ ಪಾಪ ಅನ್ನಿಸಿದ್ದು ನಿಮ್ಮ ಅಣ್ಣನವರನ್ನು ಕಂಡು, ಅಲ್ಲ, ಕೇಳಿ. ಅವರ ಧ್ವನಿ ತಗ್ಗಿತ್ತು. ತಮ್ಮನ ಕಿವಿಗೆ ಮಾತ್ರ ಅಂತ ನಂಬಿ ಮಾತಾಡುವವರ ಧ್ವನಿ. ಅಡಿಕೆ ತೋಟದ ಭಾಗದ ಮಾತು ಬಂತು, ಬತ್ತಿದ ಬೋರ್‌ವೆಲ್ ಬಂತು, ಅತ್ತಿಗೆಯವರ ಮುನಿಸು ಬಂತು. ಆಮೇಲೆ ಅವರು, ‘ನಿನ್ನ ಹತ್ರ ಒಂದು ಮಾತು ಹೇಳ್ತೀನಿ, ಯಾರಿಗೂ ಬಾಯಿ ಬಿಡಬೇಡ’ ಅಂದರು. ‘ಛೆ ಛೆ, ನಾನ್ಯಾಕೆ ಬಿಡ್ಲಿ ಅಣ್ಣ’ ಅಂದಿರಿ ನೀವು, ಸ್ಪೀಕರಿನ ವಾಲ್ಯೂಮ್ ಇನ್ನೊಂದು ಗೆರೆ ಏರಿಸುತ್ತ. ಡ್ರೈವರ್ ಕೂಡ ಹಾರ್ನ್ ಒತ್ತುವುದನ್ನು ಬಿಟ್ಟರು.

ಅಣ್ಣ ಹೇಳಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಮಾತು ಕೊಟ್ಟವರು ನೀವು. ಉಳಿಸಿಕೊಳ್ಳುವ ಹೊಣೆ ಬಿದ್ದದ್ದು ನಮ್ಮ ಐವತ್ತು ಜನರ ತಲೆಗೆ. ಮನೆಗೆ ಬಂದು ನನ್ನ ಹೆಂಡತಿಗೂ ಹೇಳಿಲ್ಲ. ಅವಳು ಇನ್ನೂ ಕೇಳುತ್ತಿದ್ದಾಳೆ.

ಈಗ ಮುಖ್ಯ ವಿಷಯ. ಬೀರೂರು ಬಿಟ್ಟ ಮೇಲೆ ಅಣ್ಣನವರು ‘ಅದಕ್ಕೇ ತೋಟದ ವಿಷಯ ಏನು ಮಾಡೋಣ ಅಂದ್ರೆ...’ ಎನ್ನುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ನೀವು ತರೀಕೆರೆಯಲ್ಲಿ ಚೀಲ ಹಿಡಿದು ಇಳಿದೇಬಿಟ್ಟಿರಿ. ಶಿವಮೊಗ್ಗದ ತನಕ ಬಸ್ಸಿನಲ್ಲಿ ಅದೇ ಚರ್ಚೆ. ಮೇಲಿನ ಎರಡು ಎಕರೆ ಅಣ್ಣನಿಗೇ ಬಿಡಬೇಕು ಎಂದು ಅಜ್ಜಿಯ ತೀರ್ಪು. ಹಿಂದಿನ ಸೀಟಿನ ಹುಡುಗರು ನಿಮ್ಮ ಪರ. ಭಾಗ ಆಯಿತೇ? ಬೋರ್‌ವೆಲ್ ಯಾರಿಗೆ ಹೋಯಿತು?

ಫೋನ್ ಮಾಡಿಯೇ ಕೇಳಬಹುದಿತ್ತು. ಕೊರಿಯರ್‌ನವನಿಗೆ ಎರಡು ಸಲ ಹೇಳಿದ ನಿಮ್ಮ ನಂಬರ್ ನನಗೆ ಬಾಯಿಪಾಠವಾಗಿದೆ. ಆದರೆ ನೀವು ಆಗ ಇನ್ಯಾವುದೋ ಬಸ್ಸಿನಲ್ಲಿದ್ದರೆ ನನ್ನನ್ನೂ ಸ್ಪೀಕರಿಗೆ ಹಾಕುತ್ತೀರಿ. ಅದಕ್ಕೇ ಈ ಪತ್ರ. ದಯವಿಟ್ಟು ಉತ್ತರವನ್ನೂ ಬರೆದೇ ಕಳಿಸಿ.

ಇಂತಿ ನಿಮ್ಮ,
ಬೆನ್ನ ಹಿಂದಿನ ಸೀಟಿನವನು