ಹತ್ತೊಂಬತ್ತನೇ ಗೇಟು

ನಮ್ಮ ಕಡೆ ವಯಸ್ಸಾದವರ ಆರೋಗ್ಯ ವಿಚಾರಿಸುವ ಕ್ರಮವೇ ಬೇರೆ. ಬಿ.ಪಿ., ಶುಗರ್ ಎಲ್ಲ ಆಮೇಲಿನ ಮಾತು. ದೇವದುರ್ಗದ ಕಡೆ ಯಾವ ಊರ ಕಟ್ಟೆಗೆ ಹೋಗಿ ಕೂತರೂ ಮೊದಲ ಪ್ರಶ್ನೆ ಒಂದೇ: "ರೊಟ್ಟಿ ಮುರದು ತಿಂತೀರೋ, ನೆನಸಿ ತಿಂತೀರೋ?" ಮುರಿದು ಎಂದರೆ ಆಳು ಇನ್ನೂ ಗಟ್ಟಿ, ಸಾಲ ಕೊಡಬಹುದು. ನೆನಸಿ ಎಂದರೆ ಹೊಲ ಮಕ್ಕಳ ಹೆಸರಿಗೆ ಮಾಡುವ ಕಾಲ ಬಂತು. "ಮುಟಗಿ ಮಾಡಿಸ್ಕೊಂತೀನ್ರಿ" ಎಂದುಬಿಟ್ಟರೆ ಮುಂದಿನ ಪ್ರಶ್ನೆಯೇ ಇಲ್ಲ. ಮಾತು ಮಳೆಯ ಕಡೆ ಹೊರಳುತ್ತದೆ.

ಮುಟಗಿಯ ಬಗ್ಗೆ ಈ ತಾತ್ಸಾರ ನನಗೆ ಒಪ್ಪಿಗೆಯಿಲ್ಲ. ಹಂಚಿನಿಂದ ಇಳಿಸಿದ ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಖಾರದ ಜೊತೆ ಒರಳಿಗೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ಮೇಲೊಂದಿಷ್ಟು ತುಪ್ಪ ಬಿಟ್ಟು ಕೊಟ್ಟರೆ ಹಲ್ಲಿದ್ದವರೂ ತಮಗೆ ಹಲ್ಲಿಲ್ಲವೆಂದು ಸುಳ್ಳು ಹೇಳಬೇಕು. ಆದರೆ ಕಡಕ್ ರೊಟ್ಟಿಯ ನಾಡಿನಲ್ಲಿ ಮಾನ ಇರುವುದು ಸದ್ದಿನಲ್ಲಿ. ತಿಂಗಳುಗಟ್ಟಲೆ ಬುಟ್ಟಿಯಲ್ಲಿದ್ದರೂ ಕೆಡದ ಆ ರೊಟ್ಟಿಯನ್ನು ಪಟ್ಟೆಂದು ಮುರಿದು, ಶೇಂಗಾ ಹಿಂಡಿ ಹಚ್ಚಿ, ಪಕ್ಕದ ಮನೆಗೆ ಕೇಳುವ ಹಾಗೆ ಅಗಿಯಬೇಕು. ಬಾಯಲ್ಲಿ ಸದ್ದು ನಿಂತ ಮನುಷ್ಯನ ಮಾತಿಗೆ ಪಂಚಾಯ್ತಿಯಲ್ಲೂ ತೂಕ ಕಡಿಮೆ.

ನಾನು ಹುಟ್ಟಿದ್ದು ದೇವದುರ್ಗ ತಾಲೂಕಿನ ಹಳ್ಳಿಯಲ್ಲಿ, ಮಾಸ್ತರಿಕೆ ಮಾಡಿದ್ದು ಮಾನ್ವಿಯ ಸುತ್ತಮುತ್ತ, ಪೆನ್ಷನ್ ತಗೊಂಡು ಕೂತದ್ದು ರಾಯಚೂರಿನಲ್ಲಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ನಾನೂ ಅದೇ ವರ್ಷದವನು. ವಾರಿಗೆಯವರ ಸುದ್ದಿ ಎಂದರೆ ಯಾರಿಗಾದರೂ ಕಿವಿ ನಿಮಿರುತ್ತದಲ್ಲ, ಹಾಗೆ ಡ್ಯಾಮಿನ ಸುದ್ದಿ ಬಂದರೆ ನನಗೆ. ಅದಕ್ಕೆ 33 ಗೇಟು, ನನಗೆ 32 ಹಲ್ಲು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಕೊಂಡು ಹೋಯಿತು. ಎಡದಂಡೆ ಕಾಲುವೆಯನ್ನೇ ನಂಬಿ ಭತ್ತ ನಾಟಿದ ಸಿಂಧನೂರು, ಮಾನ್ವಿ, ರಾಯಚೂರಿನವರಿಗೆ ನಿದ್ದೆ ಹಾರಿತು. ನನಗೂ ನಿದ್ದೆಯಿರಲಿಲ್ಲ. ಕಾರಣ ಬೇರೆ: ಎಡಗಡೆಯ ಕೆಳ ದವಡೆಯಲ್ಲಿ ಒಂದು ಹಲ್ಲು ನಾಲಿಗೆ ತಾಗಿದರೂ ಅಲ್ಲಾಡುತ್ತಿತ್ತು.

ಹಲ್ಲು ಕೆಟ್ಟವರಿಗೆ ರಾಯಚೂರು ಒಳ್ಳೆಯ ಊರು. ಎರಡು ದಂತ ಕಾಲೇಜುಗಳಿವೆ, ನವೋದಯದವರದೊಂದು, ಎ.ಎಂ.ಇ.ಯವರದೊಂದು. ಭತ್ತ, ಹತ್ತಿ, ಶಕ್ತಿನಗರದ ಕರೆಂಟಿನ ಜೊತೆಗೆ ಈ ಊರು ಹಲ್ಲಿನ ಡಾಕ್ಟರುಗಳನ್ನೂ ಬೆಳೆದು ದೇಶಕ್ಕೆ ಕಳಿಸುತ್ತದೆ. ನಾನು ಹೋದದ್ದು ಯಾವುದಕ್ಕೆ ಎಂದು ಬರೆದರೆ ಇನ್ನೊಂದರವರು ಬೇಸರ ಮಾಡಿಕೊಂಡಾರು, ಅದು ಬೇಡ.

ಬೆಂಚಿನ ಮೇಲೆ ನನ್ನ ಪಕ್ಕ ಮಾನ್ವಿ ತಾಲೂಕಿನ ರೈತರೊಬ್ಬರು ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ಕೂತಿದ್ದರು. ಒಳಗಿಂದ ಬಂದ ಹುಡುಗ, "ನಿಮ್ಮದಕ್ಕ ರೂಟ್ ಕೆನಾಲ್ ಮಾಡಬೇಕ್ರಿ" ಎಂದ. ಅವರು ಟವೆಲ್ ಸಡಿಲ ಮಾಡಿ, "ಮೂವತ್ತು ವರ್ಷ ಆತು, ಟೇಲ್ ಎಂಡಿನ ನನ್ನ ಹೊಲಕ್ಕ ಕೆನಾಲ್ ನೀರು ಮುಟ್ಟಿಲ್ಲ. ಇಲ್ಲೇನು ಮುಟ್ಟಿಸ್ತೀಯಪಾ" ಎಂದು ಮತ್ತೆ ಕಟ್ಟಿಕೊಂಡರು.

ನನ್ನ ಪಾಲಿಗೆ ಬಂದವಳು ಕೇರಳದ ಹುಡುಗಿ. ರಾಯಚೂರಿನಲ್ಲಿ ಓದುತ್ತ ಕನ್ನಡ ಕಲಿತವಳು, ಹೀಗಾಗಿ ಅವಳ ಕನ್ನಡಕ್ಕೆ ನಮ್ಮ ಬಿಸಿಲು ತಾಗಿತ್ತು. ಬಾಯೊಳಗೆ ಕನ್ನಡಿ ಇಟ್ಟು ನೋಡಿ, "ಅಜ್ಜಾರೇ, ನಿಮ್ಮ ಮೂವತ್ತಾರು ಹೋಗ್ಯಾದ್ರಿ" ಎಂದಳು. ಇರುವುದೇ ಮೂವತ್ತೆರಡು, ಮೂವತ್ತಾರು ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಪೆನ್ನು ತೆಗೆದು ಕೇಸ್ ಪೇಪರಿನ ಹಿಂದೆ ಲೆಕ್ಕ ಹೇಳಿದಳು. ಬಾಯಿಯನ್ನು ನಾಲ್ಕು ಪಾಲು ಮಾಡುತ್ತಾರೆ. ಮೊದಲ ಅಂಕಿ ಪಾಲಿನದು, ಎರಡನೆಯದು ನಡುವಿನಿಂದ ಎಣಿಸಿದ ಹಲ್ಲಿನದು. ಮೂರನೇ ಪಾಲಿನ ಆರನೇ ಹಲ್ಲು, ಹಾಗಾಗಿ 36. "ಅಮೆರಿಕದವರು ಮಾತ್ರ ಒಂದರಿಂದ ಮೂವತ್ತೆರಡು ಸೀದಾ ಎಣಸ್ತಾರ. ಅವರ ಲೆಕ್ಕದಾಗ ಇದು ಹತ್ತೊಂಬತ್ತು."

ನಾನು ಕುರ್ಚಿಯಿಂದ ಎದ್ದು ಕೂತೆ. ಡ್ಯಾಮಿನದೂ ಹತ್ತೊಂಬತ್ತು, ನನ್ನದೂ ಹತ್ತೊಂಬತ್ತು! ಬಾಯಲ್ಲಿ ಹತ್ತಿ ಇದ್ದುದರಿಂದ ಈ ಸಂತೋಷವನ್ನು ಯಾರ ಜೊತೆಗೂ ಹಂಚಿಕೊಳ್ಳಲು ಆಗಲಿಲ್ಲ.

ಬಡಪಾಯಿ ಹಲ್ಲು. ಹಾಲುಹಲ್ಲುಗಳ ಹಿಂದೆ ಆರನೇ ವಯಸ್ಸಿನ ಹೊತ್ತಿಗೆ ಹುಟ್ಟುವ ಶಾಶ್ವತ ಹಲ್ಲು ಇದು, ಅಂದರೆ ಒಂದನೇ ಇಯತ್ತೆಗೆ ಹೆಸರು ಹಚ್ಚಿದ ಹೊತ್ತಿನಲ್ಲೇ ನೌಕರಿಗೆ ಸೇರಿದ್ದು. ಸೇವಾ ಹಿರಿತನ ಇದ್ದವರ ಮೇಲೇ ಕೆಲಸ ಹೇರುವುದು ಶಿಕ್ಷಣ ಇಲಾಖೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಇದೊಂದು ಹೋದರೆ ಅಕ್ಕಪಕ್ಕದವು ಆ ಸಂದಿಗೆ ವಾಲುತ್ತವಂತೆ, ಎದುರಿನ ಮೇಲಿನದು ಆಸರೆ ತಪ್ಪಿ ಕೆಳಗಿಳಿಯುತ್ತದಂತೆ. ಡ್ಯಾಮಿನಲ್ಲೂ ಒಂದು ಗೇಟು ಹೋದದ್ದಕ್ಕೆ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಅಲ್ಲಿ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಕೊನೆಗೆ ಹಿರಿಯರೇ ಬೇಕಾದರು ಎಂಬುದನ್ನು ನಾನು ಆ ವಾರ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೆ.

ಹುಡುಗಿ ಮುಂದಿನ ಹಲ್ಲು ನೋಡುತ್ತ ಕೇಳಿದ ಇನ್ನೊಂದು ಮಾತು: "ನೀವು ದೇವದುರ್ಗ ಕಡೆಯವರೇನ್ರಿ?" ಆಧಾರ್ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಅವಳು ಓದಿದ್ದು ಹಲ್ಲಿನ ಮೇಲಿನ ಕಂದು ಪಟ್ಟಿಯನ್ನು. ನಮ್ಮ ಜಿಲ್ಲೆಯ ಕಲ್ಲುಬಂಡೆಯೊಳಗಿಂದ ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಸರ್ಕಾರಿ ಮಾನದಂಡ; ನಮ್ಮ ಬಾವಿಗಳು ಮಾನದಂಡ ಓದಿದವಲ್ಲ. ಎಂಟು ವರ್ಷದೊಳಗೆ, ಹಲ್ಲಿನ ಮೇಲ್ಪದರ ಕಟ್ಟುವಾಗ ಕುಡಿದ ನೀರು ಮಾತ್ರ ಹೀಗೆ ಪಟ್ಟಿ ಬರೆಯುತ್ತದೆ. ಆಮೇಲೆ ಗಂಗೆಯನ್ನೇ ತಂದು ಕುಡಿದರೂ ಅದು ಅಳಿಯದು. ಇದು ತಿಳಿಯದ ನಮ್ಮವ್ವ ಬೇವಿನ ಕಡ್ಡಿ, ಇದ್ದಲಿ, ಬೂದಿ, ಉಪ್ಪು ಎಲ್ಲದರಿಂದಲೂ ನನ್ನ ಹಲ್ಲು ತಿಕ್ಕಿಸಿ, "ಹಲ್ಲ ತಿಕ್ಕದ ಹೊಲಸ" ಎಂದು ಬೈಯುತ್ತಿದ್ದಳು. ಆ ಹಳ್ಳಿಗಳ ಮದುವೆ ಫೋಟೋಗಳಲ್ಲಿ ಮದುಮಕ್ಕಳು ನಕ್ಕದ್ದು ತುಟಿ ಮುಚ್ಚಿಯೇ.

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯನೂ ಇಂಥ ಕಂದು ಹಲ್ಲುಗಳನ್ನು ಕಂಡು ತಲೆ ಕೆಡಿಸಿಕೊಂಡಿದ್ದ. ವಿಚಿತ್ರವೆಂದರೆ ಆ ಹಲ್ಲುಗಳಿಗೆ ಹುಳುಕು ಕಡಿಮೆ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಅಲ್ಲಿಂದ ಮುಂದೆ ಅದು ಅಳತೆ ಮಾಡಿ ಟೂತ್‌ಪೇಸ್ಟಿಗೆ ಹೋಯಿತು. ನಮ್ಮ ಊರ ಬಾವಿ ಪುಕ್ಕಟೆ ಕೊಟ್ಟದ್ದನ್ನೇ ಟಿ.ವಿ.ಯಲ್ಲಿ ಬಿಳಿ ಕೋಟು ಹಾಕಿದವರು ಹೊಗಳಿ ಮಾರುವಾಗ ನನಗೆ ನಗು ಬರುತ್ತದೆ. ಪೂರ್ತಿ ನಗಲೂ ಆಗುವುದಿಲ್ಲ. ಹಲ್ಲಿನ ಪಟ್ಟಿಗೆ ನಿಂತರೆ ಪುಣ್ಯ. ಅದೇ ನೀರು ಬೆನ್ನು ಬಗ್ಗಿಸಿ ಮೊಣಕಾಲು ಹಿಡಿದ ಮನೆಗಳನ್ನೂ ಕಂಡಿದ್ದೇನೆ.

ನನ್ನ ಹಲ್ಲಿಗೆ ಹುಳುಕು ಹತ್ತಲಿಲ್ಲ, ಸೋತದ್ದು ವಸಡು. ಶುಗರ್ ಇದ್ದವರ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಸಿಗುವುದಿಲ್ಲ. ಎರಡೂ ಸೇರಿ ನಡುವಿನ ಮನುಷ್ಯನನ್ನು ಓಡಾಡಿಸುತ್ತವೆ. ಕೀಳಿಸಬೇಕು ಎಂದು ಗೊತ್ತಾದಾಗ ಬಳಗದವರೆಲ್ಲ, "ಹಲ್ಲ ಕೀಳಿಸಿದ್ರ ಕಣ್ಣ ಹೋಗ್ತಾವ" ಎಂದರು. ನೋಟದ ನರವೇ ಬೇರೆ, ಹಲ್ಲುನೋವಿನ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಕಣ್ಣಿಗೆ ಪೊರೆಯೂ ಬರುವುದರಿಂದ, ಮಾತಾಡಲು ಬಾರದ ಹಲ್ಲಿನ ಮೇಲೆ ಆಪಾದನೆ ಬಂದಿದೆ. ಡಾಕ್ಟರು ಕೇಳಿದ್ದು ಬೇರೆಯೇ: ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತೀರಾ ಎಂದು. ನುಂಗುವವರು ಅದನ್ನು ಮೊದಲೇ ಹೇಳಬೇಕು, ತಾವೇ ನಿಲ್ಲಿಸಿಯೂ ಹೋಗಬಾರದು.

ಖಾಲಿ ಜಾಗಕ್ಕೆ ಏನು ಮಾಡುವುದು? ಬೆಂಗಳೂರಿನ ಮಗ ಫೋನಿನಲ್ಲಿ, "ಎಲುಬಿಗೆ ಸ್ಕ್ರೂ ಹಾಕಿ ಕೂರಿಸ್ತಾರಪ್ಪಾ, ಅದನ್ನ ಮಾಡಿಸಿ" ಎಂದ. "ನಮ್ಮ ಕಡೆ ಬೋರು ಹೊಡಿಸಿದವರಿಗೆ ಏನು ಬಂತು ಅಂತ ಗೊತ್ತದ" ಎಂದು ನಮ್ಮ ಮನೆಯವಳು ಫೋನು ಇಟ್ಟಳು. ತೆಗೆದು ಹಾಕುವ ಸೆಟ್ಟೇ ಗತಿಯಾಯಿತು.

ಸೆಟ್ಟಿನ ವಿಷಯದಲ್ಲಿ ನನಗೆ ಗುರು ಮಾನ್ವಿಯ ನಮ್ಮ ಸೋದರತ್ತೆ. ಪೂರಾ ಸೆಟ್ಟು ಮಾಡಿಸಿಕೊಂಡು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಜೊತೆ ಇಟ್ಟವಳು. ಮದುವೆಗೆ ಹೊರಟಾಗ ಎರಡೂ ಹೊರಗೆ ಬರುತ್ತವೆ. ಫೋಟೋ ಮುಗಿದು ಪಂಕ್ತಿಗೆ ಕೂತ ಕೂಡಲೇ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಕಟ್ಟುತ್ತಾಳೆ: "ಉಣ್ಣಾಕ ಇದ್ಯಾಕೋ? ಅದಕ್ಕ ನನ್ನ ವಸಡ ಸಾಕು." ಹಲ್ಲು ಹೋದಮೇಲೆ ದವಡೆಯ ಎಲುಬು ವರ್ಷ ವರ್ಷ ಸವೆಯುತ್ತದೆ, ಟ್ರಂಕಿನೊಳಗಿನ ಸೆಟ್ಟು ಸವೆಯುವುದಿಲ್ಲ. ಹೀಗಾಗಿ ಒಂದೊಂದು ಮದುವೆಗೂ ಅದು ಸಡಿಲವಾಗುತ್ತ ಬಂದು, ಈಗ ಅತ್ತೆ ಆಶೀರ್ವಾದ ಮಾಡಿದರೆ ಖಟಖಟ ತಾಳವೂ ಸೇರಿಕೊಳ್ಳುತ್ತದೆ. ದಿನಾ ಹಾಕಬೇಕು, ರಾತ್ರಿ ತೆಗೆದು ತಣ್ಣೀರಲ್ಲಿ ಇಡಬೇಕು, ಬಿಸಿನೀರು ಸೋಕಿಸಿದರೆ ಆಕಾರ ಕೆಡುತ್ತದೆ ಎಂದು ಅವಳಿಗೆ ಹೇಳಿ ನೋಡಿದ್ದೇನೆ. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪ್ರಮಾಣವಚನ ತೆಗೆದುಕೊಂಡಾಗ ಬಾಯಲ್ಲಿ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು, ಕಟ್ಟಿಸಿಕೊಂಡಿದ್ದು ನೀರಾನೆಯ ದಂತದ್ದು ಎಂದೂ ಹೇಳಿದೆ. "ಅವಗ ಪಂಕ್ತಿ ಊಟ ಎಲ್ಲಿತ್ತು" ಎಂದಳು.

ಮಾನ್ವಿ ಜಗನ್ನಾಥದಾಸರ ಊರು. ಹರಿಕಥಾಮೃತಸಾರ ಬಾಯಿಪಾಠ ಇರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಮುಂದಿನ ಹಲ್ಲುಗಳೇ ಇಲ್ಲ. ಭಕ್ತಿಗೆ ಕೊರತೆಯಿಲ್ಲ, ಸಕಾರಕ್ಕೆ ಇದೆ. ಅವರು ಹಾಡಲು ಕೂತರೆ ಎದುರು ಸಾಲಿನವರಿಗೆ ಪ್ರೋಕ್ಷಣೆಯೂ ಆಗುತ್ತದೆ.

ನನ್ನ ಸೆಟ್ಟು ಕೈಗೆ ಬಂದ ದಿನ ಹುಡುಗಿ ಪಥ್ಯ ಹೇಳಿದಳು: ಮೊದಲು ಮೆತ್ತಗಿನದು, ಸಣ್ಣ ತುತ್ತು, ಎರಡೂ ಕಡೆ ಅಗಿಯಬೇಕು. "ಕಡಕ್ ರೊಟ್ಟಿ ಯಾವಾಗಿಂದ?" ಎಂದೆ. ಮೆಸ್ಸಿನಲ್ಲಿ ಅನ್ನ, ಚಪಾತಿ ತಿಂದು ವರ್ಷ ಕಳೆದವಳಿಗೆ ಅದು ಗೊತ್ತಿರಲಿಲ್ಲ. "ತಂದು ತೋರ್ಸ್ರಿ, ನೋಡಿ ಹೇಳ್ತೀನಿ" ಎಂದಳು. ಮುಂದಿನ ಸಲ ಒಂದು ಕಟ್ಟು ರೊಟ್ಟಿ, ಡಬ್ಬಿ ತುಂಬ ಹಿಂಡಿ ಒಯ್ದೆ. ಹುಡುಗ ಹುಡುಗಿಯರೆಲ್ಲ ಕುರ್ಚಿಯ ಸುತ್ತ ನೆರೆದರು. ಅವಳು ರೊಟ್ಟಿಯನ್ನು ಮುಂದಿನ ಹಲ್ಲಿಗೆ ಕೊಟ್ಟು ಕಚ್ಚಿದಳು. ಅದು ಬಗ್ಗಲಿಲ್ಲ. ಇನ್ನೊಮ್ಮೆ ಜೋರಾಗಿ ಕಚ್ಚಿ, ದವಡೆ ಹಿಡಿದುಕೊಂಡು ಕೂತಳು. ಮೈಸೂರಿನ ಹುಡುಗನೊಬ್ಬ ತನ್ನ ಪಾಲನ್ನು ಸದ್ದಿಲ್ಲದೆ ಕೋಟಿನ ಜೇಬಿಗೆ ಹಾಕಿಕೊಂಡ. ಅವಳು ಕೇಸ್ ಪೇಪರ್ ಎಳೆದುಕೊಂಡು, "ಅಜ್ಜಾರೇ, ಇದು ನಿಮಗಲ್ರೀ, ಯಾರಿಗೂ ಬ್ಯಾಡ" ಎಂದು ಬರೆಯತೊಡಗಿದಳು.

ಅಷ್ಟರಲ್ಲಿ ಅವರ ಹಿರಿಯ ಡಾಕ್ಟರು ಬಂದರು, ಸಿಂಧನೂರು ಕಡೆಯವರು. ಹುಡುಗರು ಗಾಬರಿಯಾಗಿ ಚದುರಿದರು. ಅವರು ಟ್ರೇ ಮೇಲಿದ್ದ ರೊಟ್ಟಿ ನೋಡಿದರು, ಡಬ್ಬಿಯ ಮುಚ್ಚಳ ತೆಗೆದು ಮೂಸಿದರು, ಕೈಯ ಗ್ಲೌಸು ಬಿಚ್ಚುತ್ತ ನನ್ನ ಕಡೆ ತಿರುಗಿದರು:

"ಕುಸುಬಿ ಎಣ್ಣಿ ತಂದಿಲ್ಲೇನ್ರೀ ಮಾಸ್ತರ?"