ಉಪ್ಪಿನ ಬಟ್ಟಲು, ಬಚ್ಚಲ ಒಲೆ

ಆಷಾಢದಲ್ಲಿ ಮಾಗೋಡು ಜಲಪಾತ ನೋಡಲು ಬಂದವರಿಗೆ ಹೆಚ್ಚಾಗಿ ಕಾಣಿಸುವುದು ಮಂಜು ಮಾತ್ರ. ಬೇಡ್ತಿ ಹೊಳೆ ಧುಮುಕುವ ಸದ್ದು ಕೇಳಿಸಿಕೊಂಡು, ಬಿಳಿ ಗೋಡೆಯೆದುರು ಸೆಲ್ಫಿ ತೆಗೆದು ಮರಳುತ್ತಾರೆ. ನಮ್ಮ ಹೊಸ ಮನೆಗೆ ಬಂದಿದ್ದರೆ ಸ್ಲೈಡಿಂಗ್ ಕಿಟಕಿಯ ಗಾಜಿನ ಮೇಲೆ ನೀರಿಳಿಯುವುದನ್ನು ಹತ್ತಿರದಿಂದಲೇ ತೋರಿಸುತ್ತಿದ್ದೆ.

“ಬಟ್ಲಲ್ಲಿ ಕಲ್ಲುಪ್ಪು ಹಾಕಿ ಕಿಟಕಿ ಹತ್ರ ಇಡು ಅಪ್ಪಯ್ಯಾ, ತೇವ ಎಲ್ಲಾ ಹೀರ್ತು” ಎಂದು ಬೆಂಗಳೂರಿನಿಂದ ಮಗನ ಫೋನು. ಹೀರಿತು, ಸುಳ್ಳಲ್ಲ. ಆದರೆ ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ಕರಗತೊಡಗುತ್ತದೆ; ನಮ್ಮ ಮಳೆಗಾಲ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬಟ್ಟಲು ತುಂಬಿ ಕಿಟಕಿಕಟ್ಟೆಗೆ ಹರಿಯಿತು. “ಉಪ್ಪೇ ನೀರಾಗೋತಲೋ ತಮಾ, ಮಾವಿನ ಮಿಡಿ ಇದ್ದಿದ್ರೆ ಹಾಕಲಾಗಿತ್ತು” ಎಂದಳು ಆಯಿ.

ಒಳಗೆ ಗಿಡ ಇಡಿ, ತೇವ ಕುಡಿಯುತ್ತವೆ ಎಂಬುದು ಇನ್ನೊಂದು ಸಲಹೆ. ಗಿಡ ಬೇರಿನಿಂದ ಕುಡಿದ ನೀರನ್ನು ಎಲೆಯಿಂದ ಬಿಡುತ್ತದೆ. ಸುತ್ತ ಅಡಿಕೆ ತೋಟ ಇಟ್ಟುಕೊಂಡವರಿಗೆ ಇದನ್ನು ಹೇಳುವ ಧೈರ್ಯ ಮೆಚ್ಚಬೇಕು. ಕಿಟಕಿ ತೆರೆಯಿರಿ ಎನ್ನುವುದು ಚಳಿ ದೇಶದವರಿಗೆ ಸರಿ, ಅಲ್ಲಿ ಹೊರಗಿನ ಗಾಳಿ ಒಣ. ಇಲ್ಲಿ ತೆರೆದರೆ ಮೋಡವೇ ಒಳಬಂದು ಕುರ್ಚಿಯಲ್ಲಿ ಕೂರುತ್ತದೆ, ಕವಳ ಕೇಳುವುದೊಂದು ಬಾಕಿ.

ಹಳೇ ಮನೆಯಲ್ಲಿ ತೇವ ಓಡಿಸುವ ಕೆಲಸ ಬೆಂಕಿಯದಾಗಿತ್ತು. 22 ಡಿಗ್ರಿಯ ತೊಯ್ದ ಗಾಳಿಯನ್ನು 32ಕ್ಕೆ ಕಾಯಿಸಿದರೆ ಅದರ ತೇವ ಶೇ. 100ರಿಂದ 55ರ ಸುಮಾರಿಗೆ ಇಳಿಯುತ್ತದೆ. ಒಲೆಯ ಹೊಗೆ ಆವಿಯನ್ನೂ ಹೊತ್ತುಕೊಂಡು ಹೆಂಚಿನ ಸಂದಿಯಲ್ಲಿ ಪಾರಾಗುತ್ತಿತ್ತು. ನಮಗೆ ಕೆಮ್ಮು ಬಿಟ್ಟು ಹೋಗುತ್ತಿತ್ತು, ಅದು ಬೇರೆ ಮಾತು.

ಈಗ ತಲೆ ಮೇಲೆ ಸ್ಲ್ಯಾಬು, ಅಡುಗೆಗೆ ಗ್ಯಾಸು. 14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದು ಮುಗಿಯುವಾಗ 20 ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹೊರಬಿದ್ದಿರುತ್ತದೆ! ಅನ್ನ ಕುದಿಯುವ ಆವಿಯ ಲೆಕ್ಕ ಇದರಲ್ಲಿಲ್ಲ. ಹಾಗಾಗಿ ಪಾತ್ರೆಗೆ ಮುಚ್ಚಳ, ಅಡುಗೆ ಹೊತ್ತಿಗೆ ಎಕ್ಸಾಸ್ಟ್ ಫ್ಯಾನು, ಬೆಳಿಗ್ಗೆ ಗಾಜಿಗೊಂದು ಹಳೇ ಪಂಚೆಯ ತುಂಡು. ಕಪಾಟನ್ನು ಗೋಡೆಯಿಂದ ಗೇಣುದ್ದ ಸರಿಸಿದ ಮೇಲೆ ಅದರ ಬೆನ್ನಿಗೆ ಬೂಸ್ಟು ಹಿಡಿಯುವುದೂ ಕಡಿಮೆಯಾಗಿದೆ.

ಬಚ್ಚಲ ಒಲೆಯನ್ನು ಮಾತ್ರ ಆಯಿ ಹಟ ಹಿಡಿದು ಉಳಿಸಿಕೊಂಡಿದ್ದಾಳೆ. ಅದರ ಮೇಲಿನ ಗಳದಲ್ಲಿ ಯಾರ ಪಂಚೆ, ಯಾರ ಕಂಬಳಿ ಎಂಬುದೆಲ್ಲ ಅವಳದೇ ತೀರ್ಮಾನ. ಚೌತಿಗೆ ಬಂದ ಮಗ, ಬೂಸ್ಟು ಹಿಡಿದ ಚರ್ಮದ ಬೆಲ್ಟು ಹಿಡಿದುಕೊಂಡು ಅಲ್ಲಿ ನಿಂತ. ಆಯಿ ತಲೆ ಎತ್ತಲಿಲ್ಲ.

“ಹಪ್ಪಳದ್ದು ಮುಗೀಲಿ, ಆಮೇಲೆ ನಿಂದು.”