ಕ್ಯಾಬರೆ ಕಮ್ಮಿ, ಬಾಡಿಗೆ ಬಾಕಿ ಜಾಸ್ತಿ

ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ಎದುರು ಹಳೇ ಪುಸ್ತಕದ ಮೇಜುಗಳು. ಅಲ್ಲಿಯ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಅಡುಗೆ ಪುಸ್ತಕದ ಪಕ್ಕ ಇರುಕಿಕೊಂಡಿದ್ದ ಕ್ರಿಸ್ಟೊಫರ್ ಇಶರ್‌ವುಡ್‌ರ ‘ಗುಡ್‌ಬೈ ಟು ಬರ್ಲಿನ್’ ಮಾತಿಗೆ ಸಿಕ್ಕಿತು. ಬೆನ್ನಿನ ಅಂಟು ಬಿಟ್ಟಿದೆ, ನಾಲಿಗೆ ಮಾತ್ರ ಗಟ್ಟಿ.

ವಯಸ್ಸೆಷ್ಟು ತಮಗೆ?

ಕಾದಂಬರಿ ಹುಟ್ಟಿದ್ದು 1939ರಲ್ಲಿ, ವುಲ್ಫ್ ದಂಪತಿ ಕಟ್ಟಿದ ಹೋಗಾರ್ತ್ ಪ್ರೆಸ್ಸಿನಲ್ಲಿ. ನಾನು ಅಗ್ಗದ ಮರುಮುದ್ರಣ. ಮುಖಪುಟದ ಟೋಪಿ ಹುಡುಗಿ, ನನ್ನ ಕಥೆಯಿಂದ ಹುಟ್ಟಿದ 1972ರ ‘ಕ್ಯಾಬರೆ’ ಸಿನಿಮಾದ ಲೈಜಾ ಮಿನೆಲಿ. ಎಲ್ಲರೂ ಅವಳ ಮುಖ ನೋಡಿಯೇ ನನ್ನನ್ನು ಎತ್ತಿಕೊಳ್ಳೋದು.

ಬೇಸರವೇ?

ಹೊಟ್ಟೆಪಾಡು ಸ್ವಾಮಿ. ಆ ಸಿನಿಮಾಕ್ಕೆ ಎಂಟು ಆಸ್ಕರ್, ನನಗೆ ಎರಡು ಯೂರೋ ಚೀಟಿ. ಒಂದೇ ತಕರಾರು. ಮಿನೆಲಿ ಆಡಿದ್ದು ಸ್ಯಾಲಿ ಬೌಲ್ಸ್ ಪಾತ್ರ; ನನ್ನೊಳಗಿನ ಸ್ಯಾಲಿ ಉಗುರಿಗೆ ಹಸಿರು ಬಣ್ಣ ಬಳಿದುಕೊಂಡು, ಹಸಿ ಮೊಟ್ಟೆಗೆ ಸಾಸ್ ಸುರಿದು ಕುಡಿಯುವವಳು. ಹಾಡಲಿಕ್ಕೆ ಬರುವುದಿಲ್ಲ. ಸಿನಿಮಾದವರು ಕೋಗಿಲೆ ಮಾಡಿಬಿಟ್ಟರು.

ಅದೇ ಅಲ್ಲವೇ ಬೊಹೆಮಿಯನ್ ಬದುಕಿನ ಸೊಗಸು?

ಹೊರಗಿನಿಂದ ನೋಡುವವರು ಹಾಗಂತಾರೆ. ಒಳಗಿದ್ದವರಿಗೆ ಅದು ತಿಂಗಳ ಕೊನೆ. 1932ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದರು.

ಓದುಗರಿಗೆ ಯಾವ ಭಾಗ ಇಷ್ಟ?

ನೀವೇ ತೆಗೆದು ನೋಡಿ. ಸ್ಯಾಲಿಯ ಪುಟಗಳ ತುಂಬ ಕಾಫಿ ಕಲೆ, ಪೆನ್ಸಿಲ್ ಗೆರೆ. ಕೊನೆಯದು 1932-33ರ ಚಳಿಗಾಲದ ಡೈರಿ. ಅದು ಹೊಸ ನೋಟಿನ ಹಾಗೆ ಗರಿಗರಿ. ಅಲ್ಲಿಗೆ ಬರುವಷ್ಟರಲ್ಲಿ ಎಲ್ಲರ ವಿಮಾನವೂ ಇಳಿದಿರುತ್ತದೆ.

ಅಲ್ಲಿ ಅಂಥದ್ದೇನಿದೆ?

ಮನೆ ಓನರ್ ಶ್ರೋಡರ್ ಅಮ್ಮ ಇದ್ದಾರೆ. ನವೆಂಬರ್ ಚುನಾವಣೆಯಲ್ಲಿ ಕಮ್ಯುನಿಸ್ಟರಿಗೆ ಓಟು ಹಾಕಿದವರು. ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಕೆಲವೇ ತಿಂಗಳಲ್ಲಿ ‘ಫ್ಯೂರರ್’ ಅನ್ನುವಾಗ ಅಮ್ಮನ ದನಿಯಲ್ಲಿ ಭಕ್ತಿ. ಕೆಟ್ಟವರಲ್ಲ, ಪಾಪ. ಸರ್ಕಾರ ಯಾರದ್ದಾದರೂ ಕೋಣೆ ಖಾಲಿ ಬೀಳಬಾರದಲ್ಲ? ಮನೆಯ ಒಂದೊಂದು ಕಲೆಯೂ ಯಾವ ಬಾಡಿಗೆದಾರನದು ಅಂತ ಬೆರಳು ಮಾಡಿ ತೋರಿಸುವ ಹೆಂಗಸಿಗೆ ತನ್ನ ಓಟು ಯಾರಿಗೆ ಬಿತ್ತು ಅನ್ನೋದೊಂದು ಮರೆತುಹೋಯಿತು.

ನಿಮ್ಮ ಲೇಖಕರು ತಮ್ಮನ್ನು ಕಂಡದ್ದನ್ನಷ್ಟೇ ದಾಖಲಿಸುವ ಕ್ಯಾಮೆರಾ ಎಂದುಕೊಂಡವರು...

ಕ್ಯಾಮೆರಾದ ಕಿಸೆಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. 1933ರ ಮೇನಲ್ಲಿ ಬರ್ಲಿನ್ ಬಿಟ್ಟರು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸ್ವಾಮಿ ಪ್ರಭವಾನಂದರ ಶಿಷ್ಯರಾಗಿ, 1944ರಲ್ಲಿ ಗುರುಗಳ ಜೊತೆ ಗೀತೆಯನ್ನು ಇಂಗ್ಲಿಷಿಗೆ ತಂದರು. ಹಾಗೆ ಹುಟ್ಟಿದ ನನ್ನ ತಮ್ಮನಿಗೆ ದೇವರ ಮನೆ, ನನಗೆ ರಟ್ಟಿನ ಪೆಟ್ಟಿಗೆ.

ರಸ್ತೆಯಾಚೆ ಖಾಲಿ ಕಪಾಟುಗಳಿವೆಯಲ್ಲ, ಅಲ್ಲಿಗೆ ಹೋಗಬಹುದಿತ್ತು.

ಬೇಬೆಲ್‌ಪ್ಲಾಟ್ಸ್ ಬಗ್ಗೆ ಹೇಳ್ತಿದ್ದೀರಾ? 1933ರ ಮೇ 10ರ ರಾತ್ರಿ ವಿದ್ಯಾರ್ಥಿಗಳೇ ಮುಂದೆ ನಿಂತು ಪುಸ್ತಕ ಸುಟ್ಟ ಚೌಕ ಅದು. ಈಗ ನೆಲದಡಿ, ಗಾಜಿನ ಕೆಳಗೆ, 20,000 ಪುಸ್ತಕ ಹಿಡಿಸುವ ಬಿಳೀ ಕಪಾಟುಗಳಿವೆ. ಖಾಲಿ ಇರಲೆಂದೇ ಮಾಡಿದ್ದು. ಪ್ರವಾಸಿಗರು ಬಗ್ಗಿ ನೋಡುತ್ತಾರೆ, ಮುಖ ಸಣ್ಣ ಮಾಡಿಕೊಂಡು ಫೋಟೊ ತೆಗೆಯುತ್ತಾರೆ, ರಸ್ತೆ ದಾಟಿ ಬಂದು ನನ್ನ ಮೇಲೆ ಚೌಕಾಸಿ ಶುರು ಮಾಡುತ್ತಾರೆ.

ಅದಿರಲಿ, ಒಂದೂವರೆ ಯೂರೋಗೆ ಬರುತ್ತೀರಾ?

ಬರ್ತೀನಿ. ಆದರೆ ಕೊನೆಯ ಅಧ್ಯಾಯದಿಂದ ಶುರು ಮಾಡಬೇಕು. ಆಗಲ್ಲ ಅಂದರೆ ಎರಡು ಯೂರೋ.